ಗಾಲ್ಫ್ ಸ್ವಿಂಗ್ ಸಾಗುವಾಗ ಮನಸ್ಸು ಎಲ್ಲಿರಬೇಕು?

ಎಲ್ಲರಿಗೂ ನಮಸ್ಕಾರ. ಗ್ರಿಪ್ ಸರಿಯಾಗಿದೆ, ನಿಲುವು ಸರಿಯಾಗಿದೆ, ಅಭ್ಯಾಸದ ರೇಂಜ್‌ನಲ್ಲಿ ಚೆಂಡು ಚೆನ್ನಾಗಿಯೇ ಹೋಗುತ್ತದೆ. ಆದರೂ ಕೋರ್ಸ್‌ಗೆ ಇಳಿದ ಕೂಡಲೇ ಕೈ ಬಿಗಿಯಾಗುತ್ತದೆ, ಚೆಂಡು ಎಲ್ಲೆಲ್ಲೋ ಓಡುತ್ತದೆ. ಬಹುಪಾಲು ಗಾಲ್ಫ್ ಆಟಗಾರರ ದೂರು ಇದೇ. ಈ ತೊಂದರೆಗೆ ಗಮನ ತಪ್ಪು ಜಾಗದಲ್ಲಿರುವುದು ಹೇಗೆ ಕಾರಣವಾಗುತ್ತದೆ, ಅದನ್ನು ಎಲ್ಲಿಗೆ ತಿರುಗಿಸಬೇಕು, ಹೇಗೆ ತಿರುಗಿಸಬೇಕು ಎನ್ನುವುದೇ ಇವತ್ತಿನ ಮಾತು. ಹೇಳುವುದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿ. ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಳ್ಳಿ.

ಮೊದಲು ಸಮಯದ ಲೆಕ್ಕ ನೋಡಿಬಿಡೋಣ. ನುರಿತ ಆಟಗಾರನ ಪೂರ್ಣ ಸ್ವಿಂಗ್‌ನಲ್ಲಿ ಕ್ಲಬ್ ಹಿಂದಕ್ಕೆ ಹೊರಟು ಮೇಲಿನ ತುದಿ ಮುಟ್ಟಲು ಮುಕ್ಕಾಲು ಸೆಕೆಂಡಿನ ಆಸುಪಾಸು ಬೇಕು. ಅಲ್ಲಿಂದ ಇಳಿದು ಚೆಂಡಿಗೆ ತಾಗಲು ಬರೀ ಕಾಲು ಸೆಕೆಂಡು. ಚೆಂಡು ಕ್ಲಬ್‌ಫೇಸ್‌ಗೆ, ಅಂದರೆ ಕ್ಲಬ್‌ನ ಹೊಡೆಯುವ ಮುಖಕ್ಕೆ, ಅಂಟಿಕೊಂಡಿರುವುದು ಹೆಚ್ಚುಕಡಿಮೆ 0.0005 ಸೆಕೆಂಡು. ಏನೋ ತಪ್ಪುತ್ತಿದೆ ಎಂದು ಗೊತ್ತಾಗಿ, ಅದಕ್ಕೆ ತಕ್ಕಂತೆ ಸ್ನಾಯು ಕದಲಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಈ ಇಳಿತ, ಅಂದರೆ ಡೌನ್‌ಸ್ವಿಂಗ್, ಅರ್ಧ ದಾರಿ ಬಂದಾಗ ‘ಫೇಸ್ ತೆರೆದಿದೆ (ಬಲಕ್ಕೆ ತಿರುಗಿದೆ), ಮುಚ್ಚು’ ಎಂದು ಹೊಳೆದರೆ, ಆ ಆದೇಶ ಕೈ ತಲುಪುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಹಾಗಾಗಿ ಸ್ವಿಂಗ್ ನಡುವೆ ದೇಹವನ್ನು ತಿದ್ದುತ್ತೇನೆ ಎನ್ನುವ ಪ್ರಯತ್ನ ಕೈಗೂಡುವಂಥದ್ದೇ ಅಲ್ಲ. ಸ್ವಿಂಗ್ ಶುರುವಾಗುವ ಮೊದಲೇ ಮನಸ್ಸಿನಲ್ಲಿ ಏನಿತ್ತೋ ಅದೇ ಆ ಒಂದು ಸೆಕೆಂಡನ್ನು ನಡೆಸುತ್ತದೆ.

ಆ ಹೊತ್ತಿನಲ್ಲಿ ಹೆಚ್ಚಿನವರ ತಲೆಯಲ್ಲಿ ಏನಿರುತ್ತದೆ? ಎಡಗೈ ನೇರ ಇರಲಿ, ತಲೆ ಅಲ್ಲಾಡದಿರಲಿ, ಮಣಿಕಟ್ಟು ಬೇಗ ಬಿಚ್ಚದಿರಲಿ, ಸೊಂಟ ಮೊದಲು ತಿರುಗಲಿ, ಬಲ ಮೊಣಕೈ ಪಕ್ಕೆಗೆ ಅಂಟಿರಲಿ. ಒಂದೊಂದೂ ಯಾರೋ ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ಹಲವು ನಿಜವೂ ಹೌದು. ತೊಂದರೆ ಇರುವುದು ಅವುಗಳನ್ನು ಬಳಸುವ ಹೊತ್ತಿನಲ್ಲಿ. ಮೆಟ್ಟಿಲು ಇಳಿಯುವಾಗ ಮಂಡಿ ಎಷ್ಟು ಮಡಿಸಬೇಕು, ಪಾದ ಎಲ್ಲಿ ಊರಬೇಕು ಎಂದು ಲೆಕ್ಕ ಹಾಕುತ್ತ ಹೋದವರು ಎಡವುತ್ತಾರಲ್ಲ, ಹಾಗೆಯೇ ಇದು. ದೇಹ ತಾನಾಗಿ ಹೊಂದಿಸಿಕೊಳ್ಳುತ್ತಿದ್ದ ನೂರಾರು ಸಣ್ಣ ಚಲನೆಗಳ ನಡುವೆ ನಾವು ಒಂದನ್ನು ಹಿಡಿದು ಬಿಗಿಮಾಡಿದರೆ, ಅದರ ಅಕ್ಕಪಕ್ಕದವೂ ಬಿಗಿಯಾಗುತ್ತವೆ.

ಇದನ್ನು ಬರೀ ಅನುಭವದ ಮಾತೆಂದು ತಳ್ಳಿಹಾಕುವ ಹಾಗಿಲ್ಲ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಸ್ಕೀ ಯಂತ್ರದ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ತಮ್ಮ ಪಾದದ ಮೇಲೆ ಗಮನ ಇಡಲು ಹೇಳಿದರು, ಕೆಲವರಿಗೆ ಪಾದದ ಕೆಳಗಿನ ಚಕ್ರಗಳ ಮೇಲೆ. ಪಾದಕ್ಕೂ ಚಕ್ರಕ್ಕೂ ನಡುವೆ ಇದ್ದ ದೂರ ಅತ್ಯಲ್ಪ. ಆದರೂ ಚಕ್ರದ ಮೇಲೆ ಗಮನ ಇಟ್ಟವರೇ ಚೆನ್ನಾಗಿ ಕಲಿತರು. ಮರುವರ್ಷ, 1999ರಲ್ಲಿ, ಅದೇ ಪ್ರಶ್ನೆ ಗಾಲ್ಫ್‌ಗೆ ಬಂತು. ಎಂದೂ ಆಡದ ಹೊಸಬರಿಗೆ ಪಿಚ್ ಶಾಟ್ (ಹತ್ತಿರದ ಗುರಿಗೆ ಚೆಂಡನ್ನು ಎತ್ತಿ ಹಾರಿಸುವ ಹೊಡೆತ) ಕಲಿಸುವಾಗ ಒಂದು ಗುಂಪಿಗೆ ತೋಳಿನ ತೂಗಾಟವನ್ನು, ಇನ್ನೊಂದು ಗುಂಪಿಗೆ ಕ್ಲಬ್‌ನ ತೂಗಾಟವನ್ನು ಗಮನಿಸಲು ಹೇಳಿದರು. ಕ್ಲಬ್ ಗಮನಿಸಿದವರ ಚೆಂಡು ಗುರಿಗೆ ಹೆಚ್ಚು ಹತ್ತಿರ ಬಿತ್ತು. ಆಮೇಲೆ ಯಾವ ಸೂಚನೆಯೂ ಇಲ್ಲದೆ ಪರೀಕ್ಷಿಸಿದಾಗಲೂ ಆ ವ್ಯತ್ಯಾಸ ಉಳಿದಿತ್ತು. 2005ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಫ್ರೀ ಥ್ರೋ ಮೇಲೆ ನಡೆದ ಅಧ್ಯಯನದಲ್ಲಿ ತೋಳಿನ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನೇ ಅಳೆದರು. ಮಣಿಕಟ್ಟಿನ ಬದಲು ರಿಂಗಿನ ಮೇಲೆ ಗಮನ ಇಟ್ಟಾಗ ಸ್ನಾಯುಗಳ ಕೆಲಸ ಕಡಿಮೆ, ಗುರಿಯ ನಿಖರತೆ ಹೆಚ್ಚು. ಬಿಗಿತ ಎಲ್ಲಿಂದ ಬರುತ್ತದೆ ಎನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದು ಅಪವಾದವನ್ನೂ ಹೇಳಬೇಕು, ಮುಚ್ಚಿಡುವುದು ಸರಿಯಲ್ಲ. 2003ರ ಒಂದು ಅಧ್ಯಯನದಲ್ಲಿ ನುರಿತವರು ಗುರಿಯ ಕಡೆ ಗಮನ ಇಟ್ಟಾಗ ಚೆನ್ನಾಗಿ ಆಡಿದರು; ಕಡಿಮೆ ಪರಿಣತಿಯವರು ಮಾತ್ರ ತಮ್ಮ ಸ್ವಿಂಗಿನ ಕಡೆ ಗಮನ ಇಟ್ಟಾಗ ಮೇಲಾದರು. 1999ರ ಫಲಿತಾಂಶದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ನಮಗೆ ಅನಿಸುವುದು ಇಷ್ಟು: ಹೊಸಬರಿಗೆ ‘ದೂರದ ಬಾವುಟ ನೋಡಿ ಹೊಡೆ’ ಎಂದರೆ ಅದು ತೀರಾ ದೂರ. ಕ್ಲಬ್ ಹೇಗೆ ಸಾಗಬೇಕೆಂಬ ಅಂದಾಜೇ ಇನ್ನೂ ಕೂಡಿರದ ಹಂತದಲ್ಲಿ ಬಾವುಟ ಏನನ್ನೂ ಕಲಿಸುವುದಿಲ್ಲ. ಅವರ ಗಮನ ದೇಹದಿಂದ ಹೊರಗಿರಲಿ, ಆದರೆ ಹತ್ತಿರದಲ್ಲೇ ಇರಲಿ. ಕ್ಲಬ್‌ಹೆಡ್, ಫೇಸ್, ಹುಲ್ಲು ಇವೇ ಅವರ ಜಾಗ. ಕೈ ಪಳಗುತ್ತ ಹೋದ ಹಾಗೆ ಗಮನವನ್ನು ಚೆಂಡಿನ ಹಾರಾಟಕ್ಕೆ, ಅಲ್ಲಿಂದ ಗುರಿಗೆ ದಾಟಿಸಬಹುದು. ನುರಿತ ಆಟಗಾರರ ಮೇಲೆ 2009ರಲ್ಲಿ ಬೆಲ್ ಮತ್ತು ಹಾರ್ಡಿ ನಡೆಸಿದ ಅಧ್ಯಯನ ಇದಕ್ಕೆ ಒತ್ತು ಕೊಡುತ್ತದೆ. ಮಣಿಕಟ್ಟು, ಕ್ಲಬ್‌ಫೇಸ್, ಚೆಂಡಿನ ಹಾರಾಟ ಎಂಬ ಮೂರರಲ್ಲಿ ಹಾರಾಟದ ಮೇಲೆ ಗಮನ ಇಟ್ಟವರು ಎಲ್ಲರಿಗಿಂತ ನಿಖರ, ಒತ್ತಡದಲ್ಲೂ ಅಷ್ಟೇ.

ಈಗ ಕೆಲಸಕ್ಕೆ ಬರುವ ಭಾಗಕ್ಕೆ ಹೋಗೋಣ. ದೇಹದ ಬಗ್ಗೆ ಇರುವ ಒಂದು ಸೂಚನೆಯನ್ನು ದೇಹದ ಹೊರಗಿನ ಕೆಲಸವಾಗಿ ಬದಲಾಯಿಸುವುದು ಹೇಗೆ? ನೆಲಕ್ಕೆ ಮೊದಲು ತಾಗಿ ಆಮೇಲೆ ಚೆಂಡಿಗೆ ತಾಗುವ ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ಶಾಟನ್ನೇ ಹತ್ತಿರದಿಂದ ನೋಡೋಣ. ‘ಫ್ಯಾಟ್’ ಎನ್ನುತ್ತೇವಲ್ಲ, ಅದು. ಸಾಮಾನ್ಯವಾಗಿ ಸಿಗುವ ಸಲಹೆ ‘ತೂಕವನ್ನು ಎಡಗಾಲಿಗೆ ತಾ’. ಆಟಗಾರ ಅದನ್ನು ಮಾಡಲು ಹೋಗಿ ಇಡೀ ಮುಂಡವನ್ನು ಎಡಕ್ಕೆ ಜಾರಿಸುತ್ತಾನೆ, ತಿರುಗುವುದು ನಿಂತುಹೋಗುತ್ತದೆ, ಫೇಸ್ ತೆರೆದೇ ಉಳಿಯುತ್ತದೆ, ಚೆಂಡು ಬಲಕ್ಕೆ. ಒಂದು ರೋಗಕ್ಕೆ ಮದ್ದು ಕೊಟ್ಟು ಇನ್ನೊಂದನ್ನು ತಂದುಕೊಂಡ ಹಾಗಾಯಿತು. ಇದರ ಬದಲು ಅಭ್ಯಾಸದ ಹುಲ್ಲಿನ ಮೇಲೆ ಗುರಿಯ ದಿಕ್ಕಿಗೆ ಅಡ್ಡವಾಗಿ ಸುಣ್ಣದ ಪುಡಿಯಲ್ಲಿ ಒಂದು ಮೀಟರ್ ಉದ್ದದ ಗೆರೆ ಎಳೆಯಿರಿ. ಎರಡೂ ಪಾದಗಳ ನಡುವೆ ಆ ಗೆರೆ ಬರುವಂತೆ ನಿಲ್ಲಿ. ಚೆಂಡು ಬೇಡ. ಕೆಲಸ ಒಂದೇ: ಹುಲ್ಲು ಕಿತ್ತ ಗುರುತು ಗೆರೆಯ ಮೇಲೆ ಅಥವಾ ಗೆರೆ ದಾಟಿ ಗುರಿಯ ಕಡೆ ಶುರುವಾಗಬೇಕು. ಒಂದು ಸ್ವಿಂಗ್ ಆದಮೇಲೆ ಗೆರೆಗುಂಟ ಅಂಗೈಯಗಲ ಮುಂದಕ್ಕೆ ಸರಿದು ಇನ್ನೊಂದು. ಹತ್ತು ಸ್ವಿಂಗ್ ಮುಗಿದಾಗ ಗೆರೆಯುದ್ದಕ್ಕೂ ಹತ್ತು ಗುರುತು, ಎಲ್ಲಿ ಶುರುವಾಗಿವೆ ಎಂಬುದು ನೆಲದಲ್ಲೇ ಬರೆದಿರುತ್ತದೆ. ಒಳ್ಳೆಯ ಆಟಗಾರನ ಐರನ್ ಸ್ವಿಂಗ್‌ನಲ್ಲಿ ಅತಿ ತಗ್ಗಿನ ಬಿಂದು ಚೆಂಡಿಗಿಂತ ಸುಮಾರು 8ರಿಂದ 10 ಸೆಂಟಿಮೀಟರ್ ಮುಂದಿರುತ್ತದೆ. ಗುರುತು ಗೆರೆ ದಾಟಬೇಕಾದರೆ ತೂಕ ಎಡಕ್ಕೆ ಬರಲೇಬೇಕು; ಎಷ್ಟು ಬರಬೇಕು, ಯಾವಾಗ ಬರಬೇಕು ಎಂಬುದನ್ನು ದೇಹವೇ ಕಂಡುಕೊಳ್ಳುತ್ತದೆ. ಆಮೇಲೆ ಗೆರೆಯ ಮೇಲೆ ಚೆಂಡಿಟ್ಟು ಹೊಡೆಯುವಾಗ ಗಮನ ಚೆಂಡಿನ ಮುಂದಿನ ಹುಲ್ಲಿನ ಮೇಲಿರಲಿ. ನಮ್ಮ ಮಟ್ಟಿಗೆ, ಐರನ್ ಆಟಕ್ಕೆ ಇದಕ್ಕಿಂತ ಒಳ್ಳೆಯ ಗಮನದ ಜಾಗ ಇನ್ನೊಂದಿಲ್ಲ.

ಸ್ಲೈಸ್ ಹೊಡೆಯುವವರಿಗೂ ಇದೇ ದಾರಿ. ಕ್ಲಬ್ ಹೊರಗಿನಿಂದ ಒಳಕ್ಕೆ ಬಂದು, ಆ ದಾರಿಗೆ ಹೋಲಿಸಿದರೆ ಫೇಸ್ ತೆರೆದಿದ್ದಾಗ ಚೆಂಡು ಬಲಕ್ಕೆ ಬಾಗುತ್ತದೆ. ‘ಬಲ ಭುಜ ಹೊರಬರದಿರಲಿ’ ಎಂದುಕೊಂಡು ಭುಜವನ್ನು ಹಿಡಿದಿಟ್ಟರೆ ಕೈ ಮಾತ್ರ ಓಡುತ್ತದೆ. ಚೆಂಡಿನ ಹಿಂದೆ ಸುಮಾರು 30 ಸೆಂಟಿಮೀಟರ್ ದೂರದಲ್ಲಿ, ಚೆಂಡಿನ ಗೆರೆಯಿಂದ ಆಚೆ ಬದಿಗೆ ಒಂದು ಕ್ಲಬ್‌ಹೆಡ್ ಅಗಲ ಬಿಟ್ಟು, ಖಾಲಿ ಹೆಡ್‌ಕವರ್ (ಕ್ಲಬ್‌ಹೆಡ್‌ಗೆ ಹಾಕುವ ಮೆತ್ತನೆಯ ಚೀಲ) ಇಡಿ. ಅದಕ್ಕೆ ತಾಗದ ಹಾಗೆ ಕ್ಲಬ್‌ಹೆಡ್ ಚೆಂಡಿಗೆ ಬರಬೇಕು, ಅಷ್ಟೇ ಗುರಿ. ಮೊದಲು ಅರ್ಧ ವೇಗದಲ್ಲಿ. ಇಲ್ಲಿ ಎರಡು ತಪ್ಪು ಆಗುತ್ತವೆ. ಹೆಡ್‌ಕವರ್ ಬದಲು ಗಟ್ಟಿ ವಸ್ತು ಇಟ್ಟು ಮಣಿಕಟ್ಟು ನೋಯಿಸಿಕೊಳ್ಳುವುದು ಒಂದು. ದಾರಿ ಸರಿಹೋದ ಮೇಲೂ ಫೇಸನ್ನು ಹಳೆಯ ಹಾಗೆಯೇ ಬಿಟ್ಟು, ಚೆಂಡು ನೇರ ಬಲಕ್ಕೇ ಹೊರಟಾಗ ಗಾಬರಿಯಾಗುವುದು ಇನ್ನೊಂದು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಫೇಸ್: ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯುವ ಉದ್ದನೆಯ ಕ್ಲಬ್) ಸುಮಾರು 85 ಶೇಕಡ, ಐರನ್‌ನಲ್ಲಿ ಸುಮಾರು 75 ಶೇಕಡ. ದಾರಿ ಬದಲಾದ ಮೇಲೆ ಗಮನವನ್ನು ಫೇಸ್‌ಗೆ ತರಬೇಕು. ಬ್ಯಾಕ್‌ಸ್ವಿಂಗ್‌ನಲ್ಲಿ ಶಾಫ್ಟ್ (ಕ್ಲಬ್‌ನ ದಂಡ) ನೆಲಕ್ಕೆ ಸಮಾಂತರವಾದಾಗ ಕ್ಲಬ್‌ಹೆಡ್‌ನ ಮೂತಿ (ಟೋ) ಆಕಾಶ ನೋಡುತ್ತಿದೆಯೇ, ಹೊಡೆತದ ನಂತರ ಆಚೆ ಬದಿಯಲ್ಲಿ ಶಾಫ್ಟ್ ಮತ್ತೆ ಸಮಾಂತರವಾದಾಗಲೂ ಹಾಗೆಯೇ ಇದೆಯೇ ಎಂದು ಸೊಂಟದೆತ್ತರದ ಸಣ್ಣ ಸ್ವಿಂಗ್‌ಗಳಲ್ಲಿ ನೋಡಿಕೊಳ್ಳಿ.

ವೇಗಕ್ಕೆ ಕಿವಿಯನ್ನು ಬಳಸಿ. ಡ್ರೈವರನ್ನು ತಲೆಕೆಳಗು ಮಾಡಿ, ಕ್ಲಬ್‌ಹೆಡ್ ಪಕ್ಕದ ಶಾಫ್ಟನ್ನು ಹಿಡಿದು ಬೀಸಿದರೆ ‘ಸುಂಯ್’ ಎಂದು ಗಾಳಿ ಸೀಳುವ ಸದ್ದು ಬರುತ್ತದೆ. ಆ ಸದ್ದು ಬಲ ಭುಜದ ಬಳಿ ಜೋರಾಗಿದ್ದರೆ ಮೇಲೆಯೇ ಬಲವೆಲ್ಲ ಖರ್ಚಾಗಿದೆ. ಚೆಂಡು ಇರಬೇಕಾದ ಜಾಗದಲ್ಲಿ ಅಥವಾ ಅದರಿಂದ ಸ್ವಲ್ಪ ಆಚೆ ಜೋರಾಗಬೇಕು. ‘ಮಣಿಕಟ್ಟು ತಡವಾಗಿ ಬಿಡು’ ಎಂದು ಗಂಟೆಗಟ್ಟಲೆ ವಿವರಿಸಿದರೂ ಬಾರದ್ದು ಸದ್ದಿನ ಜಾಗ ಬದಲಾಯಿಸು ಎಂದರೆ ಬೇಗ ಬರುತ್ತದೆ.

‘ತಲೆ ಎತ್ತಬೇಡ’ ಎನ್ನುವ ಸಲಹೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಚೆಂಡಿನ ನೆತ್ತಿಗೆ ತಾಗಿದ ಪ್ರತಿ ಸಲವೂ ಪಕ್ಕದವರು ಹೇಳುವ ಮಾತು ಇದು. ಚೆಂಡು ಟಾಪ್ ಆಗಲು ತಲೆ ಮೇಲೇಳುವುದು ಕಾರಣವಾಗುವುದಕ್ಕಿಂತ, ಕ್ಲಬ್‌ನ ತಗ್ಗಿನ ಬಿಂದು ಚೆಂಡಿನ ಹಿಂದೆಯೇ ಉಳಿದು ಕ್ಲಬ್ ಆಗಲೇ ಏರುತ್ತಿರುವುದು, ಅಥವಾ ತೋಳು ಒಳಕ್ಕೆ ಮಡಿಸಿಕೊಳ್ಳುವುದು, ಅಥವಾ ಸೊಂಟ ಚೆಂಡಿನ ಕಡೆ ನುಗ್ಗಿ ಬೆನ್ನು ನೆಟ್ಟಗಾಗುವುದೇ ಹೆಚ್ಚು. ಗದ್ದವನ್ನು ಎದೆಗೆ ಒತ್ತಿ ತಲೆ ಹಿಡಿದಿಟ್ಟವರಿಗೆ ಭುಜ ತಿರುಗಲು ಜಾಗವೇ ಇರುವುದಿಲ್ಲ. ಟಾಪ್ ಆಗುತ್ತಿರುವವರು ತಲೆಯನ್ನು ಮರೆತು, ಮೇಲೆ ಹೇಳಿದ ಗೆರೆಗೆ ವಾಪಸ್ ಹೋಗಿ.

ಇಲ್ಲೊಂದು ಗೊಂದಲ ತಿಳಿಯಾಗಬೇಕು. ಕಣ್ಣು ಇರುವ ಜಾಗ ಬೇರೆ, ಗಮನ ಇರುವ ಜಾಗ ಬೇರೆ. ಪೂರ್ಣ ಸ್ವಿಂಗ್‌ನಲ್ಲಿ ಕಣ್ಣು ಚೆಂಡಿನ ಮೇಲೆಯೇ ಇರಲಿ. ಮನಸ್ಸಿನಲ್ಲಿ ಚೆಂಡು ಹೊರಡಬೇಕಾದ ದಿಕ್ಕಿನ ಚಿತ್ರ ಇರಲಿ. ಕಣ್ಣು ಮುಚ್ಚಿಯೂ ಬಾಗಿಲು ಎಲ್ಲಿದೆ ಎಂದು ನಮಗೆ ಗೊತ್ತಿರುತ್ತದೆ. ಗುರಿಯ ಅರಿವೂ ಅಂಥದ್ದೇ. ಈ ವ್ಯತ್ಯಾಸ ತಿಳಿಯದವರು ಗುರಿಯ ಕಡೆ ಗಮನ ಇಡಿ ಎಂದ ಕೂಡಲೇ ಚೆಂಡು ಹೊರಡುವ ಮೊದಲೇ ಗುರಿ ನೋಡಲು ಹೊರಳುತ್ತಾರೆ, ಆಮೇಲೆ ಈ ವಿಧಾನವೇ ಸರಿಯಿಲ್ಲ ಎನ್ನುತ್ತಾರೆ.

ಶಾಟ್ ಬದಲಾದಂತೆ ಗಮನದ ಜಾಗವೂ ಬದಲಾಗಬೇಕು. ಡ್ರೈವರ್‌ಗೆ ದೂರದ ಒಂದು ಸಣ್ಣ ಗುರುತು ಬೇಕು. ‘ಫೇರ್‌ವೇ’ (ಗುಳಿಯ ಕಡೆಗಿನ ಕತ್ತರಿಸಿದ ಹುಲ್ಲಿನ ಹಾದಿ) ಎಂಬುದು ಗುರಿಯಲ್ಲ, ಅದು ತೀರಾ ಅಗಲ. ಹಿಂದಿನ ಮರದ ಒಂದು ಕೊಂಬೆ, ಬಂಕರ್‌ನ (ಮರಳಿನ ಗುಂಡಿಯ) ಎಡ ಅಂಚು, ಹೀಗೆ ಬೆರಳಿಟ್ಟು ತೋರಿಸಬಹುದಾದದ್ದು ಬೇಕು. ಹೊರಡುವ ದಿಕ್ಕು 2 ಡಿಗ್ರಿ ತಪ್ಪಿದರೆ 200 ಮೀಟರ್ ದೂರದಲ್ಲಿ 7 ಮೀಟರ್ ಪಕ್ಕಕ್ಕೆ ಹೋಗುತ್ತದೆ, ಚೆಂಡು ಬಾಗುವುದು ಬೇರೆ. ಚಿಪ್ (ತಗ್ಗಾಗಿ ಹಾರಿ ಉರುಳುವ ಸಣ್ಣ ಹೊಡೆತ) ಮತ್ತು ಪಿಚ್‌ಗೆ ಗಮನ ಗುಳಿಯ ಮೇಲಲ್ಲ, ಚೆಂಡು ಮೊದಲು ಬೀಳುವ ಜಾಗದ ಮೇಲೆ. ಸಮತಟ್ಟಾದ ಗ್ರೀನ್‌ನಲ್ಲಿ (ಗುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಜಾಗ) ಪಿಚಿಂಗ್ ವೆಜ್ ಎಂಬ ಕ್ಲಬ್‌ನ ಸಾದಾ ಚಿಪ್ ಹೆಚ್ಚುಕಡಿಮೆ ಒಂದು ಪಾಲು ಹಾರಿ ಎರಡು ಪಾಲು ಉರುಳುತ್ತದೆ; ಬೀಳುವ ಜಾಗವನ್ನು ಅದರಂತೆ ಆರಿಸಿ, ಕರವಸ್ತ್ರದಷ್ಟು ಅಗಲದ ಹುಲ್ಲನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಳ್ಳಿ. ಗುಳಿಯನ್ನೇ ನೋಡುತ್ತ ಚಿಪ್ ಮಾಡುವವರು ಚೆಂಡನ್ನು ಗುಳಿಯವರೆಗೆ ಹಾರಿಸಿಬಿಡುತ್ತಾರೆ, ಆಮೇಲೆ ಅದು ಆಚೆ ಉರುಳುತ್ತದೆ. ಬಂಕರ್‌ನಲ್ಲಿ ಚೆಂಡನ್ನು ಮರೆಯುವುದೇ ಒಳ್ಳೆಯದು. ಚೆಂಡಿನ ಹಿಂದೆ ಸುಮಾರು 5 ಸೆಂಟಿಮೀಟರ್ ದೂರದ ಮರಳಿನಲ್ಲಿ ಕ್ಲಬ್ ಇಳಿಯಬೇಕು, ಆ ಮರಳು ಗ್ರೀನ್ ಮೇಲೆ ಹೋಗಿ ಬೀಳಬೇಕು. ಅಭ್ಯಾಸದಲ್ಲಿ ಮರಳಿನ ಮೇಲೆ ಗೆರೆ ಎಳೆದು ಇದನ್ನು ಕಲಿಯಿರಿ. ಆಟದಲ್ಲಿ ಗೆರೆ ಎಳೆಯುವಂತಿಲ್ಲ, ಹೊಡೆತಕ್ಕೆ ಮೊದಲು ಚೆಂಡಿನ ಹಿಂದಿನ ಮರಳಿಗೆ ಕ್ಲಬ್ ತಾಗಿಸುವಂತೆಯೂ ಇಲ್ಲ. ಆದ್ದರಿಂದ ಒಂದು ಮರಳಿನ ಕಣವನ್ನು ಆರಿಸಿ ಕಣ್ಣನ್ನೂ ಅಲ್ಲೇ ನೆಡಿ. ಕಣ್ಣು ಚೆಂಡಿನ ಮೇಲಿರಬಾರದ ಒಂದು ಶಾಟ್ ಇದು.

ಪಟ್ಟಿಂಗ್, ಅಂದರೆ ಗ್ರೀನ್ ಮೇಲೆ ಪಟರ್ ಎಂಬ ಕ್ಲಬ್‌ನಿಂದ ಚೆಂಡನ್ನು ಗುಳಿಗೆ ಉರುಳಿಸುವುದು, ಬೇರೆಯೇ ಒಂದು ಲೋಕ, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ. ಗುಳಿಯ ಅಗಲ 108 ಮಿಲಿಮೀಟರ್, ಅಂದರೆ ನಡುವಿನಿಂದ ಅಂಚಿಗೆ 5.4 ಸೆಂಟಿಮೀಟರ್. ಚೆಂಡು 1 ಡಿಗ್ರಿ ತಪ್ಪಿ ಹೊರಟರೆ 3 ಮೀಟರ್ ದೂರದಲ್ಲಿ 5.2 ಸೆಂಟಿಮೀಟರ್ ಪಕ್ಕಕ್ಕೆ ಬಂದಿರುತ್ತದೆ. ಬರೀ 1 ಡಿಗ್ರಿ, ಆಗಲೇ ಚೆಂಡು ಅಂಚಿನ ಮೇಲೆ. ಇಷ್ಟು ಸೂಕ್ಷ್ಮವನ್ನು ಕೈಯನ್ನು ಗಮನಿಸುತ್ತ ಸಾಧಿಸಲು ಆಗುವುದಿಲ್ಲ. ಜೋನ್ ವಿಕರ್ಸ್ 1992ರಲ್ಲಿ ಪಟ್ಟಿಂಗ್ ಮಾಡುವವರ ನೋಟವನ್ನು ಅಳೆದು ಪ್ರಕಟಿಸಿದರು. ನುರಿತವರ ಕಣ್ಣು ಹೊಡೆತದ ಮುಂಚೆ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಅಲುಗದೆ ನಿಂತಿರುತ್ತದೆ. ಉಳಿದವರ ಕಣ್ಣು ಚೆಂಡು, ಪಟರ್, ಗುಳಿ ಎಂದು ಓಡಾಡುತ್ತಿರುತ್ತದೆ. ಅಭ್ಯಾಸಕ್ಕೆ ಹೀಗೆ ಮಾಡಿ: ಗುಳಿಯನ್ನು ಕೊನೆಯ ಸಲ ನೋಡಿ ನೋಟ ಚೆಂಡಿಗೆ ತನ್ನಿ. ಚೆಂಡಿನ ಹಿಂಬದಿಯ ಒಂದು ಕುಳಿ ಆರಿಸಿ, 2ರಿಂದ 3 ಸೆಕೆಂಡು ಅಲ್ಲೇ ಇರಿ. ಹೊಡೆತ ಆ ನೋಟದೊಳಗೇ ಮುಗಿಯಬೇಕು. ಚೆಂಡು ಹೊರಟಮೇಲೂ ಅದಿದ್ದ ಜಾಗದ ಹುಲ್ಲು ಒಂದು ಕ್ಷಣ ಕಣ್ಣಿಗೆ ಕಾಣಬೇಕು.

ಉದ್ದದ ಪಟ್‌ನಲ್ಲಿ ಗಮನ ವೇಗದ ಮೇಲೆ. ಗುಳಿಯ ಪಕ್ಕ ನಿಂತು ಚೆಂಡು ಕೊನೆಯ ಒಂದು ಮೀಟರ್ ಹೇಗೆ ಉರುಳಿ ಬರುತ್ತದೆ ಎಂದು ಊಹಿಸಿ, ಆ ಚಿತ್ರವನ್ನು ಹಿಡಿದುಕೊಂಡೇ ಚೆಂಡಿನ ಬಳಿ ಬನ್ನಿ. ಅಭ್ಯಾಸದ ತೂಗಾಟಗಳನ್ನು ಚೆಂಡು ನೋಡುತ್ತ ಮಾಡಬೇಡಿ, ಗುಳಿ ನೋಡುತ್ತ ಮಾಡಿ. ಚಿಕ್ಕ ಪಟ್‌ಗಳಲ್ಲಿ ಹೊಡೆಯುವಾಗಲೇ ಗುಳಿ ನೋಡುವವರೂ ಇದ್ದಾರೆ. ಅಮೆರಿಕದ ವೃತ್ತಿಪರ ಆಟಗಾರ ಜೋರ್ಡನ್ ಸ್ಪೀತ್ ಹಾಗೆ ಆಡಿ ಹೆಸರಾದವರು. ಪಟರ್ ತಲೆ ನಡುಗುವವರು, ಕೈಯ ಮೇಲಿನ ಗಮನ ಬಿಡಲಾಗದವರು ಒಂದು ಮೀಟರ್ ಪಟ್‌ನಲ್ಲಿ ಇದನ್ನು ಪ್ರಯತ್ನಿಸಬಹುದು.

ಇಷ್ಟೆಲ್ಲ ಆದಮೇಲೂ ಒಂದು ದೊಡ್ಡ ಅಡ್ಡಿ ಉಳಿದಿದೆ: ಬೇಡದ್ದನ್ನು ಗುರಿ ಮಾಡಿಕೊಳ್ಳುವುದು. ‘ನೀರಿಗೆ ಬೀಳಬಾರದು’, ‘ಗುಳಿ ದಾಟಿ ಹೋಗಬಾರದು’. ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1998ರಲ್ಲಿ ಇದನ್ನೇ ಪಟ್ಟಿಂಗ್‌ನಲ್ಲಿ ಪರೀಕ್ಷಿಸಿದರು. ಗುರಿ ದಾಟಿಸಬೇಡಿ ಎಂದು ಹೇಳಿ, ಜೊತೆಗೆ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವ ಹೊರೆಯನ್ನೂ ಹೊರಿಸಿದಾಗ, ಆಟಗಾರರು ಹೆಚ್ಚಾಗಿ ಗುರಿ ದಾಟಿಸಿಯೇ ಹೊಡೆದರು. ಕೋರ್ಸ್‌ನಲ್ಲಿ ಆ ಹೊರೆಯ ಜಾಗವನ್ನು ಸ್ಕೋರಿನ ಚಿಂತೆ ತುಂಬುತ್ತದೆ. ನೀರು ಬಲಕ್ಕಿದ್ದರೆ ಅದನ್ನು ಚೆಂಡಿನ ಹಿಂದೆ ನಿಂತಾಗಲೇ ಲೆಕ್ಕಕ್ಕೆ ತೆಗೆದುಕೊಂಡು, ಅದರಿಂದ ಸಾಕಷ್ಟು ದೂರದ ಗುರಿಯೊಂದನ್ನು ಆರಿಸಿಬಿಡಿ. ನೀರಿನ ಕೆಲಸ ಅಲ್ಲಿಗೆ ಮುಗಿಯಿತು. ಚೆಂಡಿನ ಮುಂದೆ ನಿಂತಮೇಲೆ ಮತ್ತೆ ಅದು ನೆನಪಾದರೆ ಹಿಂದೆ ಸರಿದು ಮೊದಲಿನಿಂದ ಶುರುಮಾಡಿ.

ಅದಕ್ಕೊಂದು ಕ್ರಮ ಬೇಕು. ಚೆಂಡಿನ ಹಿಂದೆ, ಗುರಿಯ ನೇರಕ್ಕೆ ನಿಂತಾಗ ಯೋಚನೆಗೆ ಪೂರ್ತಿ ಅವಕಾಶ: ಚೆಂಡು ಕೂತಿರುವ ರೀತಿ, ಗಾಳಿ, ದೂರ, ಕ್ಲಬ್, ಬೀಳುವ ಜಾಗ. ಆಮೇಲೆ ಗುರಿಗೂ ಚೆಂಡಿಗೂ ನಡುವಿನ ಗೆರೆಯಲ್ಲಿ, ಚೆಂಡಿನಿಂದ ಒಂದು ಮೀಟರ್ ಒಳಗೆ, ಒಣ ಎಲೆಯನ್ನೋ ಹುಲ್ಲಿನ ಕಲೆಯನ್ನೋ ಗುರುತಿಸಿಕೊಳ್ಳಿ. ಅಮೆರಿಕದ ಹೆಸರಾಂತ ಆಟಗಾರ ಜಾಕ್ ನಿಕ್ಲಸ್ ತಮ್ಮ ಆಟದುದ್ದಕ್ಕೂ ಹೀಗೆ ಹತ್ತಿರದ ಗುರುತು ಹಿಡಿದು ಆಡಿದವರು. ಗುರುತು ನೆಲದಲ್ಲಿ ಮೊದಲೇ ಇರಬೇಕು. ದಿಕ್ಕು ತೋರಿಸಲೆಂದು ಕ್ಲಬ್ಬನ್ನೋ ಬೇರೆ ವಸ್ತುವನ್ನೋ ನೆಲಕ್ಕಿಟ್ಟು ನಿಲುವು ತೆಗೆದುಕೊಳ್ಳುವುದಕ್ಕೆ 2019ರ ನಿಯಮಗಳ ಪ್ರಕಾರ ದಂಡವಿದೆ, ಹೊಡೆಯುವ ಮೊದಲು ಅದನ್ನು ತೆಗೆದರೂ ತಪ್ಪುವುದಿಲ್ಲ. ಮೊದಲು ಫೇಸನ್ನು ಆ ಗುರುತಿಗೆ ನೇರ ಮಾಡಿ, ಆಮೇಲೆ ಪಾದ. ತಿರುವುಮುರುವು ಮಾಡಿದರೆ ಪಾದಕ್ಕೆ ತಕ್ಕಂತೆ ಫೇಸ್ ತಿರುಗುತ್ತದೆ. ಗುರಿಯ ಕಡೆ ಒಂದು ನೋಟ, ಚೆಂಡಿಗೆ ವಾಪಸ್, ಎರಡು ಮೂರು ಸೆಕೆಂಡಿನೊಳಗೆ ಕ್ಲಬ್ ಹೊರಡಬೇಕು. ಅಲ್ಲಿ ತಡವಾದರೆ ಆ ಖಾಲಿ ಜಾಗಕ್ಕೆ ಮೊಣಕೈ, ಮಣಿಕಟ್ಟು ಎಲ್ಲ ಬಂದು ಕೂರುತ್ತವೆ. ಒಂದು ಹೊಡೆತಕ್ಕೆ 40 ಸೆಕೆಂಡು ಮೀರಬಾರದು ಎಂಬ ನಿಯಮದ ಶಿಫಾರಸಿಗೆ ಈ ಕ್ರಮ ಸಲೀಸಾಗಿ ಹೊಂದುತ್ತದೆ.

ಇನ್ನು ಸಭಿಕರ ಪ್ರಶ್ನೆಗಳು.

ಏನನ್ನೂ ಯೋಚಿಸದೆ ಹೊಡೆಯಬಾರದೇ ಎಂದು ಒಬ್ಬರು ಕೇಳಿದರು. ಯೋಚಿಸಬಾರದು ಎಂದು ಹೊರಟ ಮನಸ್ಸು ಸುಮ್ಮನಿರುವುದಿಲ್ಲ, ಅದಕ್ಕೊಂದು ಕೆಲಸ ಕೊಡಬೇಕು. ಗುರಿಯ ಚಿತ್ರ ನಿಲ್ಲದವರಿಗೆ ಲಯ ಒಳ್ಳೆಯ ಕೆಲಸ. ಜಾನ್ ನೊವೊಸೆಲ್ ವೃತ್ತಿಪರರ ಸ್ವಿಂಗ್‌ಗಳ ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ಎಣಿಸಿದಾಗ ಬ್ಯಾಕ್‌ಸ್ವಿಂಗ್ ಮತ್ತು ಡೌನ್‌ಸ್ವಿಂಗ್ ನಡುವೆ 3:1 ಅನುಪಾತ ಕಂಡಿತು. ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೊದಲ್ಲಿ 24 ಮತ್ತು 8, ಅಥವಾ 27 ಮತ್ತು 9, ಹೀಗೆ. ಫೋನಿನ ಮೆಟ್ರೊನೋಮನ್ನು ನಿಮಿಷಕ್ಕೆ 225 ಬಡಿತಕ್ಕೆ ಇಟ್ಟರೆ 24:8 ಸಿಗುತ್ತದೆ. ‘ಒಂದು’ ಎಂದಾಗ ಕ್ಲಬ್ ಹೊರಡಲಿ, ‘ನಾಲ್ಕು’ ಎಂದಾಗ ಮೇಲಿರಲಿ, ‘ಐದು’ ಎಂದಾಗ ಚೆಂಡಿಗೆ ತಾಗಲಿ. ಅದು ಅವಸರವೆನಿಸಿದರೆ 200 ಬಡಿತ, ಆಗ 27:9. ನಿಧಾನವಾಗಿ ಎಳೆದು ಮೇಲಿನಿಂದ ಧಡಕ್ಕನೆ ಹೊಡೆಯುವ ಚಾಳಿ ಇರುವವರಿಗೆ ಈ ಎಣಿಕೆ ತುಂಬ ಉಪಯೋಗ.

ದೇಹದ ಬಗ್ಗೆ ಯೋಚಿಸುವುದು ಯಾವಾಗಲೂ ತಪ್ಪೇ? ತಪ್ಪಲ್ಲ. ಗ್ರಿಪ್ ಬದಲಾಯಿಸುವಾಗ, ನಿಲುವು ತಿದ್ದುವಾಗ, ಕನ್ನಡಿಯ ಮುಂದೆ ಅರ್ಧ ವೇಗದಲ್ಲಿ ಅಭ್ಯಾಸ ಮಾಡುವಾಗ ಅದು ಬೇಕೇ ಬೇಕು. ಚೆಂಡು ಮುಂದಿಲ್ಲದಾಗ, ಫಲಿತಾಂಶದ ಹಂಗಿಲ್ಲದಾಗ ಮಾಡಿ. ಆದರೆ ನಿಯಮಗಳನ್ನು ಪಟ್ಟಿಮಾಡಿ ಕಲಿತ ಆಟ ಒತ್ತಡದಲ್ಲಿ ಬೇಗ ಮುರಿಯುತ್ತದೆ ಎನ್ನುವುದನ್ನು ರಿಚ್ ಮಾಸ್ಟರ್ಸ್ 1992ರಲ್ಲೇ ತೋರಿಸಿದ್ದಾರೆ. ಪಟ್ಟಿಂಗ್ ಸೂಚನೆಗಳನ್ನು ಓದಿ ಕಲಿತ ಹೊಸಬರು ಒತ್ತಡ ಬಂದಾಗ ಮುಗ್ಗರಿಸಿದರು. ಬಾಯಲ್ಲಿ ಗೊತ್ತುಗುರಿಯಿಲ್ಲದ ಅಕ್ಷರಗಳನ್ನು ಹೇಳುತ್ತ, ನಿಯಮ ಕಟ್ಟಿಕೊಳ್ಳಲು ಬಿಡುವೇ ಇಲ್ಲದೆ ಕಲಿತವರು ಮುಗ್ಗರಿಸಲಿಲ್ಲ. ಕಲಿಸುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದು ಪಾಠಕ್ಕೆ ಒಂದೇ ಸೂಚನೆ, ಅದೂ ಚೆಂಡಿನಲ್ಲೋ ಹುಲ್ಲಿನಲ್ಲೋ ಕಾಣುವಂಥದ್ದು.

ನನಗೆ ಯಾವುದು ಹೊಂದುತ್ತದೆ ಎಂದು ತಿಳಿಯುವುದು ಹೇಗೆ ಎಂಬುದು ಕೊನೆಯ ಪ್ರಶ್ನೆ. ಅಳೆದು ನೋಡಿ. 7 ಐರನ್ ತೆಗೆದುಕೊಂಡು ಮೂರು ಗಮನದ ಜಾಗಗಳನ್ನು ಆರಿಸಿ: ಚೆಂಡಿನ ಮುಂದಿನ ಹುಲ್ಲು, ಚೆಂಡು ಹೊರಡುವ ದಿಕ್ಕು, ಐದರ ಎಣಿಕೆ. ಫೇಸ್ ಮೇಲೆ ಪಾದಕ್ಕೆ ಹಾಕುವ ಪೌಡರ್ ಸ್ಪ್ರೇ ತೆಳುವಾಗಿ ಸಿಂಪಡಿಸಿದರೆ ಚೆಂಡು ತಾಗಿದ ಗುರುತು ಮೂಡುತ್ತದೆ. ಮೂವತ್ತು ಚೆಂಡು, ಒಂದೊಂದಕ್ಕೆ ಹತ್ತು. ಆದರೆ ಹತ್ತನ್ನೂ ಒಟ್ಟಿಗೆ ಹೊಡೆಯಬೇಡಿ, ಒಂದಾದಮೇಲೆ ಒಂದು ಬದಲಿಸುತ್ತ ಹೋಗಿ. ಇಲ್ಲದಿದ್ದರೆ ಕೊನೆಯಲ್ಲಿ ಹೊಡೆದದ್ದಕ್ಕೆ ಕೈ ಕಾದ ಲಾಭ ಸಿಗುತ್ತದೆ. ಪ್ರತಿ ಚೆಂಡಿಗೂ ಎರಡೇ ವಿಷಯ ಬರೆದುಕೊಳ್ಳಿ: ಫೇಸ್ ನಡುವಿಗೆ ತಾಗಿತೇ, ಅಂದುಕೊಂಡ ದಿಕ್ಕಿಗೆ ಹೊರಟಿತೇ. ಚೆಂಡು ಎಷ್ಟು ದೂರ ಹೋಯಿತು, ಸ್ವಿಂಗ್ ಎಷ್ಟು ಹಿತವಾಗಿತ್ತು ಎಂಬುದನ್ನು ಬಿಡಿ, ಹಿತ ಎನಿಸಿದ್ದಕ್ಕೂ ಫಲಿತಾಂಶಕ್ಕೂ ತಾಳೆಯಾಗುವುದು ಅಪರೂಪ. ಇದನ್ನೇ ಇನ್ನೊಂದು ದಿನ ಮತ್ತೆ ಮಾಡಿ. ಎರಡೂ ದಿನ ಒಂದೇ ಜಾಗ ಮುಂದಿದ್ದರೆ ಮುಂದಿನ ಆಟದ ಹದಿನೆಂಟು ಗುಳಿಗೂ ಐರನ್ ಶಾಟ್‌ಗಳಲ್ಲಿ ಅದನ್ನೇ ಇಟ್ಟುಕೊಳ್ಳಿ. ಎರಡು ಶಾಟ್ ಕೆಟ್ಟಿತೆಂದು ನಡುವೆ ಬದಲಿಸಬೇಡಿ. ಬದಲಾವಣೆ ಬೇಕಿದ್ದರೆ ಅದರ ಜಾಗ ರೇಂಜ್.